ಹಾಡುವವರ ಗದ್ಯ, ಪಾಳಿಯ ಹೊತ್ತು

ಸಂಗೀತವನ್ನು ಗುರುಮುಖದಿಂದ ಕಲಿತು, ವೇದಿಕೆಯ ಮೇಲೆ ಹಾಡಿ ನುಡಿಸಿ, ಅದರ ಜೊತೆಗೇ ಕಥೆ ಕಾದಂಬರಿಗಳ ಹೊರಗಿನ ಗದ್ಯವನ್ನು, ಎಂದರೆ ನೆನಪು, ವ್ಯಕ್ತಿಚಿತ್ರ, ವಿಮರ್ಶೆ, ಇತಿಹಾಸ ಮೊದಲಾದವನ್ನು, ಅಷ್ಟೇ ಶ್ರದ್ಧೆಯಿಂದ ಬರೆದವರು ಕನ್ನಡ ನಾಡಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರ ಪ್ರತಿಭೆಯನ್ನು ಕುರಿತು ಮೆಚ್ಚುಗೆಯ ಮಾತುಗಳು ಸಾಕಷ್ಟು ಬಂದಿವೆ. ಆದರೆ ದಿನಕ್ಕೆ ಹಲವು ಗಂಟೆಗಳ ಸಾಧನೆಯನ್ನು ಬೇಡುವ ಎರಡು ವಿದ್ಯೆಗಳಿಗೆ ಒಬ್ಬನೇ ಮನುಷ್ಯನ ಬದುಕಿನಲ್ಲಿ ಹೊತ್ತು ಎಲ್ಲಿಂದ ಒದಗಿತು, ಆ ಹೊತ್ತಿನಲ್ಲಿ ಮನೆಯ ಒಲೆ ಉರಿಸಿದವರು ಯಾರು ಎಂಬುದನ್ನು ವಿಚಾರಿಸಿದವರು ಕಡಿಮೆ. ಒಬ್ಬರಿಗೆ ಅರಮನೆ, ಇನ್ನೊಬ್ಬರಿಗೆ ವಿಶ್ವವಿದ್ಯಾಲಯ, ಮತ್ತೊಬ್ಬರಿಗೆ ಕಾರ್ಖಾನೆ ಹೀಗೆ ಆಸರೆಯಾಯಿತು. ಕಾರ್ಖಾನೆಯ ಹೆಸರು ಈ ಸಾಲಿನಲ್ಲಿ ಬಂದದ್ದು ಆಶ್ಚರ್ಯವೆನಿಸಬಹುದಾದರೂ, ಬೆಂಗಳೂರಿನ ಹೊರವಲಯದ ಕಳೆದ ಎಪ್ಪತ್ತು ವರ್ಷಗಳ ಬದುಕನ್ನು ಹತ್ತಿರದಿಂದ ಕಂಡವರಿಗೆ ಅದು ಸಹಜವಾಗಿಯೇ ತೋರುತ್ತದೆ.

ಈ ಹೊರವಲಯ ಒಂದೇ ಕಾಲದಲ್ಲಿ ಹುಟ್ಟಿದ್ದಲ್ಲ. ಕೃಷ್ಣರಾಜಪುರದ ಬಳಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಎಲ್ಲರ ಬಾಯಲ್ಲಿ ಐಟಿಐ, ಸ್ಥಾಪನೆಗೊಂಡಿತು. ಅದರ ನೌಕರರ ವಸತಿಗಾಗಿ ಎದ್ದ ಬಡಾವಣೆಗೆ ದೂರವಾಣಿನಗರ ಎಂಬ ಹೆಸರು ನಿಂತಿತು. ನಗರದ ವಾಯವ್ಯದ ಜಾಲಹಳ್ಳಿಯ ಕಡೆ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಇವುಗಳಿಗೆ ಬಿಡಿಭಾಗಗಳನ್ನು ಒದಗಿಸುವ ಸಣ್ಣ ಉದ್ಯಮಗಳು 1970ರ ದಶಕದಿಂದ ಪೀಣ್ಯದಲ್ಲಿ ಒತ್ತೊತ್ತಾಗಿ ನೆಲೆಯೂರಿದವು. ದಕ್ಷಿಣದ ತುದಿಯಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡ ತೋಗೂರುಗಳ ನೆಲದಲ್ಲಿ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ 332 ಎಕರೆಗಳ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. 1880ರ ದಶಕದಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಕೃಷಿ ವಸಾಹತಾಗಿ ಆರಂಭವಾಗಿದ್ದ ವೈಟ್‌ಫೀಲ್ಡ್, 1990ರ ದಶಕದಲ್ಲಿ ತಂತ್ರಾಂಶ ಉದ್ಯಮದ ಊರಾಯಿತು. ಮೊದಲ ಪೀಳಿಗೆಯ ಸಂಸ್ಥೆಗಳು ತಮ್ಮ ನೌಕರರಿಗೆ ವಸತಿ, ಆಸ್ಪತ್ರೆ, ಶಾಲೆ, ಕ್ಯಾಂಟೀನುಗಳ ಜೊತೆಗೆ ಇನ್ನೊಂದನ್ನೂ ಕೊಟ್ಟವು: ಸೈರನ್ ಕೂಗಿದ ಮೇಲೆ ಯಾರೂ ಕಸಿದುಕೊಳ್ಳದ ಸಂಜೆ.

ಆ ಸಂಜೆಗಳಿಂದ ಬಂದವರಲ್ಲಿ ಬಹುಮಟ್ಟಿಗೆ ಎಲ್ಲ ಕನ್ನಡಿಗರಿಗೂ ಪರಿಚಿತರಾದವರು ಸಿ. ಅಶ್ವಥ್. 1939ರ ಡಿಸೆಂಬರ್ 29ರಂದು ಹುಟ್ಟಿದ ಅವರು ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಕಲಿತವರು; ಹೊಟ್ಟೆಪಾಡಿಗೆ ಐಟಿಐ ಸೇರಿ ಅಲ್ಲಿ 27 ವರ್ಷ ದುಡಿದವರು. ಮಾಸ್ತಿಯವರ ನಾಟಕವನ್ನು ಆಧರಿಸಿದ ‘ಕಾಕನಕೋಟೆ’ ಚಿತ್ರಕ್ಕೆ 1977ರಲ್ಲಿ ಸಂಗೀತ ಕೊಟ್ಟಾಗಲೂ, ಎಲ್. ವೈದ್ಯನಾಥನ್ ಅವರ ಜೊತೆ ಸೇರಿ ‘ಅಶ್ವಥ್-ವೈದಿ’ ಎಂಬ ಜೋಡಿಹೆಸರಿನಲ್ಲಿ ಚಿತ್ರಗಳಿಗೆ ದುಡಿದಾಗಲೂ, 1990ರಲ್ಲಿ ‘ಸಂತ ಶಿಶುನಾಳ ಶರೀಫ’ ತೆರೆಕಂಡಾಗಲೂ ಅವರು ಐಟಿಐ ನೌಕರರೇ. ಸುಗಮ ಸಂಗೀತ, ಎಂದರೆ ಕವಿಯ ಭಾವಗೀತೆಯನ್ನು ರಾಗದ ಕಟ್ಟುಪಾಡಿಗಿಂತ ಪದದ ಅರ್ಥಕ್ಕೆ ಹೆಚ್ಚು ಬದ್ಧವಾಗಿ ಹಾಡುವ ಪ್ರಕಾರ, ಕನ್ನಡದಲ್ಲಿ ಮನೆಮನೆಯ ಮಾತಾದದ್ದು ಕ್ಯಾಸೆಟ್ಟುಗಳ ಆ ಕಾಲದಲ್ಲೇ. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸಾಗರವನ್ನು ಕಂಡವರು ಅದನ್ನು ಮರೆತಿಲ್ಲ. ಅಶ್ವಥ್ ಗದ್ಯ ಲೇಖಕರಾಗಿ ಹೆಸರಾದವರಲ್ಲ. ಆದರೂ ಈ ಬರಹದಲ್ಲಿ ಅವರ ಹೆಸರು ಮೊದಲಿಗೆ ಬರಬೇಕಾದ ಕಾರಣ, ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳ ಮತ್ತು ಗಡಿಯಾರಕ್ಕೆ ಕಟ್ಟಿದ ಕೆಲಸ ಎರಡೂ ಸೇರಿ ಒಬ್ಬ ಕಲಾವಿದನಿಗೆ ಎಂಥ ಆಸರೆಯಾಗಬಲ್ಲವು ಎಂಬುದಕ್ಕೆ ಈ ಪ್ರದೇಶದಲ್ಲಿ ಅವರಿಗಿಂತ ದೊಡ್ಡ ನಿದರ್ಶನವಿಲ್ಲ.

ಈ ಬರಹದ ಲೇಖಕ 1980ರ ದಶಕದಲ್ಲಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ದುಡಿಯುತ್ತ, ಪಾಳಿ ಮುಗಿದ ಮೇಲೆ ಪಿಟೀಲು ಕಲಿಯುತ್ತ, ರಾತ್ರಿ ಪತ್ರಿಕೆಗಳಿಗೆ ಲೇಖನ ಬರೆಯುತ್ತ ಬೆಳೆದವನಾದ್ದರಿಂದ, ಆ ಆಸರೆಯ ಬೆಲೆಯನ್ನೂ ಅದರ ಕೊರತೆಯನ್ನೂ ಬಲ್ಲ. ಸಣ್ಣ ಕಾರ್ಖಾನೆಯ ಪಾಳಿ ದೊಡ್ಡ ಸಾರ್ವಜನಿಕ ಉದ್ಯಮದ ಪಾಳಿಯಂತಲ್ಲ. ಆರ್ಡರ್ ಬಂದ ವಾರ ಓ.ಟಿ., ಎಂದರೆ ಹೆಚ್ಚುವರಿ ಹೊತ್ತಿನ ದುಡಿಮೆ, ಕಡ್ಡಾಯವೆಂಬಷ್ಟು ಸಾಮಾನ್ಯವಾಗಿತ್ತು. ವಿದ್ಯುತ್ ಇಲ್ಲದ ದಿನದ ಕೆಲಸ ಭಾನುವಾರಕ್ಕೆ ಬೀಳುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಕಿವಿಯದು. ತಗಡಿನಿಂದ ಬಿಡಿಭಾಗಗಳನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್‌ಗಳ ಮಧ್ಯೆ ಎಂಟು ಗಂಟೆ ನಿಂತವನಿಗೆ, ಹೊರಗೆ ಬಂದ ಮೇಲೂ ಕೆಲವು ಗಂಟೆಗಳ ಕಾಲ ಸಣ್ಣ ದನಿಗಳು ಮಸುಕಾಗಿ ಕೇಳುತ್ತವೆ; ಶ್ರವಣಶಾಸ್ತ್ರ ಇದನ್ನು ತಾತ್ಕಾಲಿಕ ಕಿವುಡು ಎಂದು ಗುರುತಿಸುತ್ತದೆ, ಇದೇ ವರ್ಷಗಟ್ಟಲೆ ಮುಂದುವರಿದರೆ ಶಾಶ್ವತವಾಗುತ್ತದೆ. ಅಂಥ ಕಿವಿಯಿಂದ ಪಿಟೀಲಿನ ತಂತಿಯನ್ನು ಶ್ರುತಿಗೆ ಕೂಡಿಸುವುದು, ಕೂಡಿತೆಂದು ನಂಬುವುದು, ಎರಡೂ ಕಷ್ಟ. ಪ್ರೆಸ್ ಶಾಪಿನಿಂದ ತಪಾಸಣೆಯ ಕೋಣೆಗೆ, ಮೈಕ್ರೋಮೀಟರು ಮತ್ತು ಗೇಜುಗಳ ನಿಶ್ಶಬ್ದ ಮೇಜಿಗೆ, ವರ್ಗವಾದದ್ದು ಈ ಲೇಖಕನ ಸಂಗೀತ ಶಿಕ್ಷಣದಲ್ಲಿ ಯಾವ ರಾಗದ ಪಾಠಕ್ಕೂ ಕಡಿಮೆಯಿಲ್ಲದ ಘಟನೆ.

ಕಾರ್ಖಾನೆಗಳ ಕನ್ನಡ ಸಂಘಗಳನ್ನು ಕುರಿತು ಎರಡು ಮಾತು ಹೇಳದಿದ್ದರೆ ಆ ಕಾಲದ ಚಿತ್ರ ಪೂರ್ಣವಾಗದು. ರಾಜ್ಯೋತ್ಸವ ನವೆಂಬರ್ 1ರಂದು ಮುಗಿಯದೆ ಇಡೀ ತಿಂಗಳು ಒಂದಲ್ಲ ಒಂದು ಕಾರ್ಖಾನೆಯ ಅಂಗಳದಲ್ಲಿ ಹಬ್ಬವಾಗಿ ನಡೆಯುವ ರೂಢಿಯನ್ನು ಬೇರೂರಿಸಿದವು ಈ ಸಂಘಗಳೇ. ಹಾಡುವವನಿಗೆ ವೇದಿಕೆ, ಬರೆಯುವವನಿಗೆ ಸ್ಮರಣ ಸಂಚಿಕೆ, ಓದುವವನಿಗೆ ಗ್ರಂಥಾಲಯ, ನಾಟಕದ ಹುಚ್ಚಿನವನಿಗೆ ಸ್ಪರ್ಧೆ ಎಲ್ಲವೂ ಅಲ್ಲಿ ದೊರೆಯುತ್ತಿದ್ದವು. ಹಗಲು ಲೇತ್ ಯಂತ್ರದ ಮುಂದೆ ನಿಲ್ಲುವವರು ಸಂಜೆ ಹಾರ್ಮೋನಿಯಂ ಮುಂದೆ ಕೂರುವುದನ್ನು ಯಾರೂ ವಿಚಿತ್ರವೆಂದು ಭಾವಿಸುತ್ತಿರಲಿಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ನಡೆದ ಸಾರ್ವಜನಿಕ ಉದ್ಯಮಗಳ ದೊಡ್ಡ ಮುಷ್ಕರ, ಅದರ ಬೆನ್ನಿಗೇ ಬಂದ ಗೋಕಾಕ್ ಚಳವಳಿ ಇವೆರಡರ ಕಾಲದಲ್ಲಿ ಹಾಡು ಮತ್ತು ಬರಹ ಎರಡಕ್ಕೂ ಹೊಸ ತುರ್ತು ಒದಗಿತು.

ಆ ಸಂಚಿಕೆಗಳ ಸಂಗೀತ ಬರಹಗಳಲ್ಲಿ ಹೆಚ್ಚಿನವು ವಿಶೇಷಣಗಳ ಮೂಟೆಗಳಾಗಿದ್ದವು ಎಂಬುದನ್ನು ಒಪ್ಪಬೇಕು. ನಾದಲೋಕ, ಗಂಧರ್ವಗಾನ, ಮಂತ್ರಮುಗ್ಧ ಶ್ರೋತೃವೃಂದ ಎಂಬ ಪದಗಳು ಗಾಯಕ ಬದಲಾದರೂ ಬದಲಾಗುತ್ತಿರಲಿಲ್ಲ. ಸಂಗೀತವನ್ನು ಕುರಿತ ಗದ್ಯದ ಮೂಲ ಕಷ್ಟವೇ ಇದು: ದನಿ ಹುಟ್ಟಿದ ಕ್ಷಣವೇ ಇಲ್ಲವಾಗುತ್ತದೆ, ಉಳಿಯುವುದು ಅದು ಉಂಟುಮಾಡಿದ ಸಂತೋಷದ ನೆನಪು ಮಾತ್ರ, ಸಂತೋಷಕ್ಕೆ ಭಾಷೆಯಲ್ಲಿ ಇರುವ ಪದಗಳು ಕೆಲವೇ. ಈ ಕಷ್ಟವನ್ನು ದಾಟಿದ ಕನ್ನಡ ಪುಸ್ತಕವೊಂದು ಈ ಲೇಖಕನಿಗೆ ಇಂಥದೊಂದು ಸಂಘದ ಗ್ರಂಥಾಲಯದಲ್ಲೇ ದೊರೆಯಿತು. ಅದು ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’.

ವಾಸುದೇವಾಚಾರ್ಯರು ಹುಟ್ಟಿದ್ದು 1865ರಲ್ಲಿ. ‘ನಾ ಕಂಡ ಕಲಾವಿದರು’ ಪ್ರಕಟವಾದದ್ದು 1955ರಲ್ಲಿ, ಲೇಖಕರ ತೊಂಬತ್ತರ ವಯಸ್ಸಿನಲ್ಲಿ. ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ಅಲಂಕಾರಗಳನ್ನು ಓದುತ್ತಲೇ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತ ಕಲಿತ ಅವರನ್ನು, ಹತ್ತನೆಯ ಚಾಮರಾಜ ಒಡೆಯರು ವಿದ್ಯಾರ್ಥಿವೇತನ ಕೊಟ್ಟು ತಿರುವಯ್ಯಾರಿಗೆ, ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಕಳುಹಿಸಿದರು. ಹಿಂದಿರುಗಿ ಆಸ್ಥಾನ ವಿದ್ವಾಂಸರಾದ ಮೇಲೆ ಅವರು ‘ವಾಸುದೇವ’ ಎಂಬ ಅಂಕಿತದಲ್ಲಿ, ಎಂದರೆ ರಚನೆಕಾರನು ಸಾಹಿತ್ಯದೊಳಗೆ ಹೆಣೆಯುವ ಗುರುತಿನ ಹೆಸರಿನಲ್ಲಿ, ಸುಮಾರು 200 ಕೃತಿಗಳನ್ನು ತೆಲುಗು ಮತ್ತು ಸಂಸ್ಕೃತಗಳಲ್ಲಿ ರಚಿಸಿದರು. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಕೇಳದ ಕರ್ನಾಟಕ ಸಂಗೀತದ ರಸಿಕನಿಲ್ಲ. 1935ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು, 1959ರಲ್ಲಿ ಪದ್ಮಭೂಷಣ ಅವರಿಗೆ ಸಂದವು. ಹೀಗೆ ಹಾಡಿಗೆ ತೆಲುಗು-ಸಂಸ್ಕೃತಗಳನ್ನು ಆರಿಸಿಕೊಂಡವರು ನೆನಪಿಗೆ ಕನ್ನಡ ಗದ್ಯವನ್ನು ಆರಿಸಿಕೊಂಡರು. ದೇವರ ಮುಂದಿನ ಭಾಷೆ ಒಂದು, ನೆರೆಯವರೊಂದಿಗಿನ ಭಾಷೆ ಇನ್ನೊಂದು ಎಂಬ ಈ ಆಯ್ಕೆಯಿಂದ ಹೆಚ್ಚು ಲಾಭವಾದದ್ದು ಕನ್ನಡಕ್ಕೆ.

ಆ ಗದ್ಯದ ಬೆಲೆ ತಿಳಿಯಬೇಕಾದರೆ ಧ್ವನಿಮುದ್ರಣದ ಇತಿಹಾಸವನ್ನು ಅದರ ಪಕ್ಕದಲ್ಲಿ ಇಟ್ಟು ನೋಡಬೇಕು. ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಮಹಾವೈದ್ಯನಾಥ ಅಯ್ಯರ್ 1893ರಲ್ಲೇ ತೀರಿಕೊಂಡಿದ್ದರು. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ತೀರಿಕೊಂಡದ್ದು 1902ರಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಾಡಿದ ಬಹುಪಾಲು ದೊಡ್ಡವರ ಕಂಠ ಯಾವ ತಟ್ಟೆಯ ಮೇಲೂ ಉಳಿದಿಲ್ಲ. ಅವರನ್ನು ಎದುರಿಗೆ ಕುಳಿತು ಕೇಳಿದವರ, ಕೇಳಿದ್ದನ್ನು ತೂಗಿ ಹೇಳಬಲ್ಲವರ ಮಾತೇ ನಮಗೆ ಉಳಿದಿರುವ ದಾಖಲೆ. ಗುರು ಮುಂಜಾನೆ ಹೇಗೆ ಸಾಧನೆಗೆ ಕೂರುತ್ತಿದ್ದರು, ಯಾವ ಮಾತಿಗೆ ಮುನಿಯುತ್ತಿದ್ದರು, ವೀಣೆ ಶೇಷಣ್ಣ ಮತ್ತು ಬಿಡಾರಂ ಕೃಷ್ಣಪ್ಪನವರ ಕಾಲದ ಮೈಸೂರಿನಲ್ಲಿ ಒಬ್ಬ ವಿದ್ವಾಂಸನನ್ನು ಇನ್ನೊಬ್ಬ ಹೇಗೆ ಕಾಣುತ್ತಿದ್ದ ಎಂಬಂಥ ಸಂಗತಿಗಳನ್ನು ಆಚಾರ್ಯರು ಬರೆಯುವಾಗ, ಹೊಗಳಿಕೆಗೆ ಮೊದಲು ವಿವರ ಬರುತ್ತದೆ, ವಿವರದಿಂದ ಹೊಗಳಿಕೆ ತಾನಾಗಿ ಹುಟ್ಟುತ್ತದೆ. ಗಾಯಕನ ಗದ್ಯಕ್ಕೂ ರಸಿಕನ ಗದ್ಯಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟ. ರಸಿಕ ತನಗೆ ಏನಾಯಿತೆಂದು ಬರೆಯುತ್ತಾನೆ. ತಾನೇ ಹಾಡಬಲ್ಲವನು ಹಾಡುವವನು ಏನು ಮಾಡಿದನೆಂದು ಬರೆಯಬಲ್ಲ. ಸಂಗೀತದ ಬರಹಕ್ಕೆ ಈ ಎರಡನೆಯದೇ ಅಗತ್ಯವೆಂಬುದು, ಎಷ್ಟೋ ವರ್ಷ ಮೊದಲನೆಯದನ್ನೇ ಓದಿದ ಮೇಲೆ, ಈ ಲೇಖಕನಲ್ಲಿ ಗಟ್ಟಿಯಾದ ಅಭಿಪ್ರಾಯ.

ಆಚಾರ್ಯರು ಕೊನೆಯ ವರ್ಷಗಳಲ್ಲಿ ರುಕ್ಮಿಣೀದೇವಿ ಅರುಂಡೇಲರ ಕರೆಯ ಮೇಲೆ ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ, ರಾಮಾಯಣದ ನೃತ್ಯರೂಪಕಗಳಿಗೆ ಸಂಗೀತ ರಚಿಸುತ್ತ, 1961ರಲ್ಲಿ ತೀರಿಕೊಂಡರು. ಅರಮನೆ ಒಬ್ಬ ಹುಡುಗನ ಗುರುಕುಲವಾಸಕ್ಕೆ ಕೊಟ್ಟ ಹಣ ಎಪ್ಪತ್ತು ವರ್ಷಗಳ ಮೇಲೆ ಒಂದು ಕನ್ನಡ ಪುಸ್ತಕವಾಗಿಯೂ ಫಲಿಸಿತೆಂಬುದನ್ನು ಯಾವ ಲೆಕ್ಕಪುಸ್ತಕವೂ ಮುಂದಾಗಿ ಕಾಣಲಾರದು.

ಉತ್ತರ ಕರ್ನಾಟಕದ ಪರಂಪರೆಯಲ್ಲಿಯೂ ಇಂಥ ಗದ್ಯವಿದೆ. ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ಯನ್ನು ಅವರ ಮಗ, ಸ್ವತಃ ಗಾಯಕರೂ ಕರ್ನಾಟಕ ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕರೂ ಆಗಿದ್ದ ರಾಜಶೇಖರ ಮನ್ಸೂರ್, ಇಂಗ್ಲಿಷಿಗೆ ತಂದರು, ಗಂಗೂಬಾಯಿ ಹಾನಗಲ್ಲರು ತಮ್ಮ ಬದುಕನ್ನು ಎನ್.ಕೆ. ಕುಲಕರ್ಣಿಯವರಿಗೆ ಹೇಳಿ ಬರೆಸಿದರು. ಇವು ಸ್ವತಂತ್ರವಾಗಿ ಚರ್ಚಿಸಬೇಕಾದ ಪುಸ್ತಕಗಳಾದ್ದರಿಂದ ಇಲ್ಲಿ ಹೆಸರಿಸಿ ಮುಂದೆ ಹೋಗುವುದು ಉಚಿತ.

ಎರಡು ವಿದ್ಯೆಗಳ ನಡುವಿನ ಎಳೆದಾಟವನ್ನು ಎಲ್ಲರಿಗಿಂತ ತೀವ್ರವಾಗಿ ಬದುಕಿದವರು ರಾಜೀವ ತಾರಾನಾಥ್. 1932ರ ಅಕ್ಟೋಬರ್ 17ರಂದು ಹುಟ್ಟಿದ ಅವರಿಗೆ ಸಂಗೀತದ ಮೊದಲ ಪಾಠ ದೊರೆತದ್ದು ತಂದೆ ಪಂಡಿತ ತಾರಾನಾಥರಿಂದ. ಶಿಕ್ಷಣತಜ್ಞರೂ ವೈದ್ಯರೂ ಆಗಿದ್ದ ಪಂಡಿತರು ರಾಯಚೂರಿನ ಹಮ್‌ದರ್ದ್ ಶಾಲೆಯನ್ನು ಕಟ್ಟಿದವರು. ತರುಣ ರಾಜೀವರು ಗಾಯಕರಾಗಿಯೇ ಹೆಸರಾಗತೊಡಗಿದ್ದಾಗ, 1950ರ ದಶಕದಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ವಾದನ ಅವರ ದಾರಿಯನ್ನೇ ತಿರುಗಿಸಿತು. ಹಿಡಿದಿದ್ದನ್ನು ಬಿಟ್ಟು ಕಲ್ಕತ್ತೆಗೆ ಹೋಗಿ ಅವರು ಉಸ್ತಾದರ ಶಿಷ್ಯರಾದರು. ಸರೋದ್ ಎಂಬುದು ಲೋಹದ ಹಲಗೆಯ ಮೇಲೆ ತಂತಿಗಳನ್ನು ಬಿಗಿದ, ಸಿತಾರಿಗಿರುವಂಥ ಮೆಟ್ಟಿಲುಗಳಿಲ್ಲದ ವಾದ್ಯ. ತಂತಿಯನ್ನು ಉಗುರಿನ ಅಂಚಿನಿಂದ ಒತ್ತಿ ಜಾರಿಸುವಾಗ ಸ್ವರದ ಜಾಗವನ್ನು ಕಿವಿಯೊಂದೇ ತೋರಿಸಬೇಕು, ಬೆರಳಿಗೆ ಬೇರೆ ಗುರುತಿಲ್ಲ.

ಇದೇ ಮನುಷ್ಯ ಟಿ.ಎಸ್. ಎಲಿಯಟ್‌ನ ಕಾವ್ಯವನ್ನು ಕುರಿತು ಪಿಎಚ್.ಡಿ. ಪಡೆದ ಇಂಗ್ಲಿಷ್ ಪ್ರಾಧ್ಯಾಪಕರು, ತಿರುಚಿರಾಪಳ್ಳಿ, ಏಡನ್, ಹೈದರಾಬಾದುಗಳಲ್ಲಿ ಪಾಠ ಹೇಳಿದವರು, ಕನ್ನಡದ ನವ್ಯ ಲೇಖಕರ ಬಳಗದ ಆಪ್ತ ವಿಮರ್ಶಕರು. ಸಾಹಿತ್ಯ ಮತ್ತು ಸಂಗೀತ ಎರಡೂ ಒಂದೆಡೆ ಸೇರಿದ ಅವರ ಕೆಲಸ ಚಲನಚಿತ್ರಗಳಲ್ಲಿ ಎಲ್ಲರಿಗೂ ಕೇಳಿಸಿತು: ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ 1970ರಲ್ಲಿ ಬಂದ ‘ಸಂಸ್ಕಾರ’ಕ್ಕೆ, ಲಂಕೇಶರ ‘ಪಲ್ಲವಿ’ಗೆ, ಅರವಿಂದನ್ ಅವರ ಮಲಯಾಳಂ ಚಿತ್ರ ‘ಕಾಂಚನ ಸೀತ’ಕ್ಕೆ ಅವರು ಸಂಗೀತ ಕೊಟ್ಟರು. ಕಾದಂಬರಿಯನ್ನು ವಿಮರ್ಶಕನಾಗಿ ಓದಿದವನು ಆ ಕಥೆಗೆ ಸಂಗೀತ ಕೊಡಲು ಕುಳಿತಾಗ, ದೃಶ್ಯಕ್ಕೆ ಎಲ್ಲಿ ಸಂಗೀತ ಬೇಡವೆಂಬುದೂ ಗೊತ್ತಿರುತ್ತದೆ.

1980ರ ದಶಕದ ಆರಂಭದಲ್ಲಿ ಅವರು ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು ಪೂರ್ಣವಾಗಿ ಸರೋದಿಗೆ ತಮ್ಮನ್ನು ಕೊಟ್ಟುಕೊಂಡರು. ನಿವೃತ್ತಿಗೆ ಇನ್ನೂ ವರ್ಷಗಳಿದ್ದ ಖಾಯಂ ಹುದ್ದೆಯನ್ನು ಬಿಡುವುದು ಎಂಥ ನಿರ್ಧಾರವೆಂಬುದು, ಖಾಯಂ ಆಗುವುದನ್ನೇ ಬದುಕಿನ ಗುರಿಯೆಂದು ತಿಳಿದ ಪೀಣ್ಯದ ಕಾರ್ಮಿಕರಿಗೆ ವಿವರಿಸಬೇಕಾಗಿಲ್ಲ. ಆದರೆ ಗದ್ಯ ಅವರನ್ನು ಬಿಡಲಿಲ್ಲ. 1989ರಿಂದ 1992ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಅವರು ಮೈಹರ್-ಅಲ್ಲಾವುದ್ದೀನ್ ಘರಾಣೆಯ ಬೋಧನಕ್ರಮವನ್ನು ಕುರಿತು ಸಂಶೋಧನೆ ನಡೆಸಿ ಬರೆದರು. ಘರಾಣೆ ಎಂದರೆ ಗುರುವಿನಿಂದ ಶಿಷ್ಯನಿಗೆ ಇಳಿದು ಬಂದ ಹಾಡಿಕೆ-ನುಡಿಸಿಕೆಯ ಮನೆತನ. ತಾಲೀಮು ಎಂದರೆ ಆ ಮನೆತನದೊಳಗೆ ಎದುರುಬದುರು ಕುಳಿತು ನಡೆಯುವ ಪಾಠ. ತಾಲೀಮಿನ ಸ್ವಭಾವವೇ ಬರಹಕ್ಕೆ ಒಗ್ಗದ್ದು. ಗುರು ಒಂದು ತುಣುಕನ್ನು ನುಡಿಸುತ್ತಾನೆ, ಶಿಷ್ಯ ಮರುನುಡಿಸುತ್ತಾನೆ, ತಪ್ಪಿದ್ದು ಎಲ್ಲಿ ಎಂಬುದನ್ನು ಮಾತಿನಲ್ಲಿ ಹೇಳದೆ ಇನ್ನೊಮ್ಮೆ ನುಡಿಸಿ ತೋರಿಸುತ್ತಾನೆ. ಇದನ್ನು ವಾಕ್ಯಗಳಿಗೆ ಇಳಿಸುವ ಧೈರ್ಯ ಬರಬೇಕಾದರೆ ಆ ಪಾಠದಲ್ಲಿ ದಶಕಗಳ ಕಾಲ ಕುಳಿತ ಶಿಷ್ಯನೂ, ಒಂದು ಪದ್ಯದ ಕಟ್ಟನ್ನು ಬಿಡಿಸಿ ನೋಡಬಲ್ಲ ವಿಮರ್ಶಕನೂ ಒಬ್ಬನೇ ಆಗಿರಬೇಕು. 1995ರಿಂದ 2005ರವರೆಗೆ ಕ್ಯಾಲಿಫೋರ್ನಿಯದ ಕಲಾ ಸಂಸ್ಥೆಯೊಂದರಲ್ಲಿ ಭಾರತೀಯ ಸಂಗೀತ ವಿಭಾಗವನ್ನು ನಡೆಸಿ, ಮೈಸೂರಿಗೆ ಮರಳಿ, 2019ರಲ್ಲಿ ಪದ್ಮಶ್ರೀ ಪಡೆದು, 2024ರ ಜೂನ್ 11ರಂದು ಅವರು ತೀರಿಕೊಂಡರು. ಅವರ ಮಾತುಗಾರಿಕೆಯನ್ನು ಕೇಳಿದವರೆಲ್ಲರ ಕೊರಗು ಒಂದೇ: ಆಡಿದ್ದಕ್ಕೆ ಹೋಲಿಸಿದರೆ ಬರೆದದ್ದು ಬಹಳ ಕಡಿಮೆ.

ತಂತ್ರಾಂಶ ಉದ್ಯಮದ ಪೀಳಿಗೆಯಿಂದಲೂ ಈ ಜೋಡಿ ಬದುಕು ಹುಟ್ಟಿದೆ. ಕರ್ನಾಟಕ ಸಂಗೀತದ ಗಾಯನವನ್ನು ಕಲಿತ, ಎಂಜಿನಿಯರಿಂಗ್ ಓದಿ ಬಹುರಾಷ್ಟ್ರೀಯ ಕಂಪನಿಗಳಲ್ಲಿ ಕೆಲಸ ಮಾಡಿದ ಬೆಂಗಳೂರಿನ ವಿಕ್ರಮ್ ಸಂಪತ್, ಮೈಸೂರು ಒಡೆಯರ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದು 2008ರಲ್ಲಿ ಪ್ರಕಟಿಸಿದರು. 1902ರ ಆ ಮೊದಲ ಧ್ವನಿಮುದ್ರಣಗಳ ಗಾಯಕಿ ಗೌಹರ್ ಜಾನ್ ಅವರ ಜೀವನಚರಿತ್ರೆ 2010ರಲ್ಲಿ ಬಂದು, ಮರುವರ್ಷ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರವನ್ನು ಪಡೆಯಿತು. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತರುವ ಸಂಗ್ರಹಾಲಯವನ್ನೂ ಅವರು ಕಟ್ಟಿದರು. ಅವರ ಮುಂದಿನ ಇತಿಹಾಸ ಗ್ರಂಥಗಳ ಸುತ್ತ ಎದ್ದ ವಾದಗಳು ಇಲ್ಲಿನ ವಿಷಯವಲ್ಲ; ತಟ್ಟೆಯ ಗರಗರದೊಳಗಿನ ಕಂಠವನ್ನು ಕೇಳಿ ಗುರುತಿಸುವ ಅಭ್ಯಾಸವಿದ್ದವರಿಗೆ ಮಾತ್ರ ಇಂಥ ಪುಸ್ತಕ ಮತ್ತು ಇಂಥ ಸಂಗ್ರಹ ಎರಡನ್ನೂ ಕಟ್ಟುವ ಮನಸ್ಸು ಬರುತ್ತದೆ ಎಂಬುದಷ್ಟೇ ಪ್ರಸ್ತುತ.

ಆದರೆ ಹೊತ್ತಿನ ಲೆಕ್ಕ ಈಗ ಬೇರೆಯಾಗಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ ವೈಟ್‌ಫೀಲ್ಡಿನಲ್ಲಾಗಲಿ ಸೈರನ್ ಇಲ್ಲ. ಅಮೆರಿಕದ ಬೆಳಗಿಗೆ ಹೊಂದಿಕೊಂಡ ಸಭೆಗಳು ಇಲ್ಲಿನ ಸಂಜೆಯನ್ನೇ ತೆಗೆದುಕೊಳ್ಳುತ್ತವೆ, ಹೊರವರ್ತುಲ ರಸ್ತೆಯ ದಟ್ಟಣೆ ಉಳಿದದ್ದನ್ನು ತೆಗೆದುಕೊಳ್ಳುತ್ತದೆ. ಸಂಬಳ ಐಟಿಐನ ನೌಕರ ಊಹಿಸಲೂ ಆಗದಷ್ಟು ಹೆಚ್ಚಿದೆ. ಕಿವಿಗೆ ಪ್ರೆಸ್ಸಿನ ಗದ್ದಲವಿಲ್ಲ. ಆದರೂ ತಂಬೂರಿಯ ಮುಂದೆ ಕೂರಲು ಒಂದು ಗಂಟೆ, ಕೂತದ್ದನ್ನು ಕುರಿತು ಯೋಚಿಸಿ ಬರೆಯಲು ಇನ್ನೊಂದು ಗಂಟೆ ಕೂಡಿಬರುವುದು ದುರ್ಲಭವಾಗಿದೆ. ಈ ಲೇಖಕನ ಬಳಿ ಪಿಟೀಲು ಕಲಿಯಲು ಬರುವ ತಂತ್ರಾಂಶ ಎಂಜಿನಿಯರುಗಳಲ್ಲಿ ಹಲವರು ಬೆಳಗಿನ ಜಾವವನ್ನು ಆರಿಸಿಕೊಂಡಿರುವುದು ಭಕ್ತಿಯಿಂದಲ್ಲ, ಆ ಹೊತ್ತಿಗೆ ಯಾರ ಕರೆಯೂ ಬರುವುದಿಲ್ಲವೆಂಬ ಕಾರಣದಿಂದ. ಅವರ ಕೈ ಚುರುಕು, ಗ್ರಹಿಕೆ ತೀಕ್ಷ್ಣ. ಒಂದು ಸಂಗತಿಯನ್ನು, ಎಂದರೆ ಕೃತಿಯ ಒಂದೇ ಸಾಲನ್ನು ಹಂತಹಂತವಾಗಿ ಬೆಳೆಸುವ ಬಗೆಯನ್ನು, ನುಡಿಸಿದ ಮೇಲೆ ಅದು ಏಕೆ ಹಾಗೆ ಬೆಳೆಯುತ್ತದೆಂದು ಅವರು ಕೇಳುವ ಪ್ರಶ್ನೆಗಳನ್ನೇ ಬರೆದಿಟ್ಟರೂ ಒಂದು ಒಳ್ಳೆಯ ಪುಸ್ತಕವಾಗುತ್ತದೆ. ಅದನ್ನು ಬರೆಯುವ ಬಿಡುವು ಅವರಲ್ಲಿ ಯಾರಿಗೂ ಇಲ್ಲ.

ಇನ್ನೂ ಬಾರದ ಪುಸ್ತಕಗಳಲ್ಲಿ ಈ ಲೇಖಕ ಹೆಚ್ಚು ಹಂಬಲಿಸುವುದು ಬೇರೊಂದನ್ನು. ಪೀಣ್ಯದ ಸುತ್ತಣ ಲಗ್ಗೆರೆ, ಹೆಗ್ಗನಹಳ್ಳಿ, ದಾಸರಹಳ್ಳಿಗಳ ಬಾಡಿಗೆ ಮನೆಗಳಲ್ಲಿ ಉತ್ತರ ಕರ್ನಾಟಕದಿಂದಲೂ ಹಳೆಯ ಮೈಸೂರಿನ ಹಳ್ಳಿಗಳಿಂದಲೂ ಬಂದು ನೆಲೆಸಿದ ಕಾರ್ಮಿಕರು ತಮ್ಮೊಂದಿಗೆ ತತ್ವಪದ, ಭಜನೆ, ರಂಗಗೀತೆಗಳನ್ನು ತಂದಿದ್ದಾರೆ. ಶಿಶುನಾಳ ಶರೀಫರ ಪದಗಳನ್ನು ಅಶ್ವಥ್ ಅವರ ಕ್ಯಾಸೆಟ್ಟಿನಿಂದ ಕಲಿತವರು, ಊರಿನ ಮಠದ ಜಗುಲಿಯಲ್ಲಿ ಕಲಿತವರು ಇಬ್ಬರೂ ಒಂದೇ ಗಣೇಶೋತ್ಸವದ ಪೆಂಡಾಲಿನಲ್ಲಿ ಬೇರೆ ಬೇರೆ ಮಟ್ಟುಗಳಲ್ಲಿ ಹಾಡುವುದನ್ನು ಇಲ್ಲಿ ಕೇಳಬಹುದು. ಆ ಎರಡು ಮಟ್ಟುಗಳ ನಡುವಿನ ದೂರವನ್ನು ಹೊರಗಿನಿಂದ ಬಂದ ಸಂಶೋಧಕ ಧ್ವನಿಮುದ್ರಿಸಿಕೊಳ್ಳಬಲ್ಲ; ಎರಡನ್ನೂ ಹಾಡಿ ನೋಡಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಮಾತು ತಾಳವನ್ನು ಎಳೆಯುತ್ತದೆ ಎಂಬುದನ್ನು ಬರೆಯಬೇಕಾದವನು ಆ ಭಜನಾ ತಂಡಗಳಲ್ಲೇ ಇದ್ದಾನೆ, ವಾರದ ಆರು ದಿನ ಪಾಳಿಯಲ್ಲಿ ದುಡಿಯುತ್ತಾನೆ. ಸಾರ್ವಜನಿಕ ಉದ್ಯಮಗಳ ಕನ್ನಡ ಸಂಘಗಳು ತಮ್ಮ ಕಾಲದಲ್ಲಿ ಒದಗಿಸಿದ ಗ್ರಂಥಾಲಯ, ಸಂಚಿಕೆ, ತಾಲೀಮಿನ ಕೋಣೆ ಇವುಗಳಲ್ಲಿ ಒಂದನ್ನಾದರೂ ಪೀಣ್ಯದ ಸಣ್ಣ ಉದ್ಯಮಗಳು ಒಟ್ಟಾಗಿ ನಡೆಸಬಹುದು. ಅದಕ್ಕೆ ತಗಲುವ ವೆಚ್ಚ ಒಂದು ಸಾಮಾನ್ಯ ಯಂತ್ರದ ಬೆಲೆಯನ್ನು ಮೀರಲಾರದು. ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ವೇದಿಕೆಗಳಲ್ಲಿ ಹಾಡಿದ ಮೊದಲ ಪೀಳಿಗೆಯ ನೌಕರರಿಗೆ ಈಗ ಎಂಬತ್ತರ ಆಚೆಯ ವಯಸ್ಸು. ಆಚಾರ್ಯರು ತಮ್ಮ ಪುಸ್ತಕವನ್ನು ಕೊಟ್ಟದ್ದು ತೊಂಬತ್ತರಲ್ಲಿ.